ಬೆಂಗಳೂರಿಗೆ ಬಂದ ಡಿಫೆಂಡರ್
ಆ್ಯಶ್ಲಿ ವೆಸ್ಟ್‌ವುಡ್ 2013ರಲ್ಲಿ ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಆಗಿ ಬಂದಾಗ ಕರ್ನಾಟಕದ ಫುಟ್‌ಬಾಲ್ ಹಳೆಯ ಹೆಸರಿನ ಮೇಲೆಯೇ ದಿನ ದೂಡುತ್ತಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್, ಎರಡು ಒಲಿಂಪಿಕ್ಸ್ ಆಡಿದ ಅಹ್ಮದ್ ಖಾನ್ ಇಬ್ಬರೂ ಬೆಂಗಳೂರಿನ ಮೈದಾನಗಳಲ್ಲಿ ಬೆಳೆದವರು. ಆದರೆ 1968–69ರ ನಂತರ ಸಂತೋಷ್ ಟ್ರೋಫಿ ಈ ಕಡೆ ಬಂದಿರಲಿಲ್ಲ. ನಗರದ ಆಟವನ್ನು ದಶಕಗಳ ಕಾಲ ಹೊತ್ತದ್ದು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳು. 2012ರಲ್ಲಿ ಎಚ್‌ಎಎಲ್ ಕೂಡ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನಿಂದ ಕೆಳಗಿಳಿದಿತ್ತು.

ವೆಸ್ಟ್‌ವುಡ್ ಹುಟ್ಟಿದ್ದು 1976ರಲ್ಲಿ, ವೇಲ್ಸ್‌ಗೆ ತಾಗಿದ ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಬ್ರಿಡ್ಜ್‌ನಾರ್ತ್‌ನಲ್ಲಿ. ಸೆಂಟರ್‌ಬ್ಯಾಕ್ ಆಗಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಪಳಗಿದರೂ ಅಲ್ಲಿನ ಹಿರಿಯರ ತಂಡದಲ್ಲಿ ಆಡುವ ಅವಕಾಶ ಅವರಿಗೆ ಸಿಗಲಿಲ್ಲ. 1995ರಲ್ಲಿ ಕ್ರೂ ಅಲೆಕ್ಸಾಂಡ್ರ ಸೇರಿದರು. 1998ರಲ್ಲಿ ಬ್ರಾಡ್‌ಫರ್ಡ್ ಸಿಟಿಗೆ ಹೋದರು. ಮರುವರ್ಷವೇ ಆ ತಂಡ 77 ವರ್ಷಗಳ ಬಳಿಕ ಅಗ್ರ ದರ್ಜೆಗೆ ಏರಿತು. ಆಮೇಲೆ ಶೆಫೀಲ್ಡ್ ವೆನ್ಸ್‌ಡೇ, ನಾರ್ತಾಂಪ್ಟನ್ ಮತ್ತು ಇನ್ನೂ ಕೆಲವು ಕ್ಲಬ್‌ಗಳು; ಕೊನೆಗಾಲದಲ್ಲಿ ವೇಲ್ಸ್‌ನ ರೆಕ್ಸಾಮ್. ತಾರೆ ಎನಿಸಿಕೊಳ್ಳದ ಈ ಆಟಗಾರ ಬಳಿಕ ಪೋರ್ಟ್ಸ್‌ಮತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ತಂಡಗಳಲ್ಲಿ ಕೋಚ್ ಮೈಕಲ್ ಆಪಲ್‌ಟನ್ ಜತೆ ದುಡಿದು ಕೋಚಿಂಗ್ ಕಲಿತರು.

ಜೆಎಸ್‌ಡಬ್ಲ್ಯು ಉದ್ಯಮ ಸಮೂಹ ಕಟ್ಟಿದ ಹೊಸ ಕ್ಲಬ್ಬು ಬೆಂಗಳೂರು ಎಫ್‌ಸಿಗೆ ಆಗ ಅಭಿಮಾನಿಗಳೂ ಇರಲಿಲ್ಲ, ಚರಿತ್ರೆಯೂ ಇರಲಿಲ್ಲ. ಕಟ್ಟುನಿಟ್ಟಿನ ಊಟ, ಜಿಮ್, ವಿಡಿಯೊ ನೋಡಿ ಎದುರಾಳಿಯನ್ನು ಅಳೆಯುವುದು – ಇವು ವೆಸ್ಟ್‌ವುಡ್ ತಂದ ಶಿಸ್ತು. ಇಂಗ್ಲೆಂಡಿನಲ್ಲಿ ಇವು ಹೊಸತೇನಲ್ಲ. ಇಲ್ಲಿನ ಮಟ್ಟಿಗೆ ಅಷ್ಟೇ ಸಾಕಾಯಿತು ಎನ್ನಬೇಕು. ತಾವು ಆಡಿದ ಜಾಗವನ್ನೇ ಮೊದಲು ಭದ್ರಪಡಿಸಿ, ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ ಜೋಡಿಯನ್ನು ಹಿಂದೆ ನಿಲ್ಲಿಸಿದರು. ಮುಂದೆ ನಾಯಕ ಸುನಿಲ್ ಛೆಟ್ರಿ ಇದ್ದರು. ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿದ ಮೊದಲ ಋತುವಿನಲ್ಲೇ ತಂಡ ಐ-ಲೀಗ್ ಗೆದ್ದಿತು. ಪ್ರಶಸ್ತಿ ಖಚಿತವಾದದ್ದು ಬೆಂಗಳೂರಿನಲ್ಲಲ್ಲ, 2014ರ ಏಪ್ರಿಲ್ 21ರಂದು ಮಡಗಾಂವಿನ ಫತೋರ್ಡಾದಲ್ಲಿ, ಡೆಂಪೊ ವಿರುದ್ಧದ 4–2 ಗೆಲುವಿನಿಂದ. 

2015ರ ಜನವರಿಯಲ್ಲಿ ಅದೇ ಫತೋರ್ಡಾದಲ್ಲಿ ಅದೇ ಡೆಂಪೊವನ್ನು 2–1ರಿಂದ ಮಣಿಸಿ ಫೆಡರೇಷನ್ ಕಪ್ ಕೂಡ ಬಂತು. ಆ ವರ್ಷದ ಐ-ಲೀಗ್ ಮಾತ್ರ ಕೈತಪ್ಪಿದ ರೀತಿ ಕ್ರೂರವಾಗಿತ್ತು. ಮೇ 31ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ಕೊನೆಯ ಪಂದ್ಯ; ಬೆಂಗಳೂರಿಗೆ ಗೆಲುವು ಬೇಕು, ಬಾಗಾನ್‌ಗೆ ಡ್ರಾ ಸಾಕು. ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. 87ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಬೆಲ್ಲೊ ರಜಾಕ್ ತಲೆಕೊಟ್ಟರು: 1–1. ಡಿಫೆಂಡರ್ ಆಗಿದ್ದ ಕೋಚ್‌ನ ತಂಡ ಪ್ರಶಸ್ತಿ ಕಳೆದುಕೊಂಡದ್ದು ಎದುರಾಳಿ ಡಿಫೆಂಡರ್ ಹೊಡೆದ ಗೋಲಿನಿಂದ! 2016ರ ಏಪ್ರಿಲ್‌ನಲ್ಲಿ ಅದೇ ಕಂಠೀರವದಲ್ಲಿ ಸಾಲ್ಗಾಂವ್ಕರ್ ತಂಡವನ್ನು ಸೋಲಿಸಿ ಲೀಗ್ ಮರಳಿ ಗೆದ್ದರು.

ಆ ವರ್ಷವೇ ವೆಸ್ಟ್‌ವುಡ್ ಹೊರಟರು. ಅವರು ಕಟ್ಟಿಟ್ಟ ತಂಡವನ್ನು ಹೊಸ ಕೋಚ್, ಸ್ಪೇನಿನ ಆಲ್ಬರ್ಟ್ ರೋಕಾ ನವೆಂಬರ್‌ನಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಭಾರತದ ಬೇರೆ ಯಾವ ಕ್ಲಬ್ಬೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. ದೋಹಾದ ಆ ಪಂದ್ಯವನ್ನು ಇರಾಕಿನ ಏರ್‌ಫೋರ್ಸ್ ಕ್ಲಬ್ 1–0ರಿಂದ ಗೆದ್ದಿತು.

ಮಲೇಷ್ಯಾದ ಪೆನಾಂಗ್, ಕೋಲ್ಕತ್ತದ ಎಟಿಕೆ, ಪಂಜಾಬ್ ತಂಡಗಳನ್ನು ಸುತ್ತಿದ ಮೇಲೆ ವೆಸ್ಟ್‌ವುಡ್ ಅಫ್ಗಾನಿಸ್ತಾನದ ಕೋಚ್ ಆದರು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಅದೇ ಅಫ್ಗಾನಿಸ್ತಾನದ ವಿರುದ್ಧ ಛೆಟ್ರಿ ತಮ್ಮ 150ನೇ ಅಂತರರಾಷ್ಟ್ರೀಯ ಪಂದ್ಯ ಆಡಿದರು, ಪೆನಾಲ್ಟಿಯಿಂದ ಗೋಲನ್ನೂ ಹೊಡೆದರು. ಪಂದ್ಯವನ್ನು 2–1ರಿಂದ ಗೆದ್ದದ್ದು ಅಫ್ಗಾನಿಸ್ತಾನ. ಅದೇ ವರ್ಷ ವೆಸ್ಟ್‌ವುಡ್ ಹಾಂಗ್‌ಕಾಂಗ್ ತಂಡದ ಹೊಣೆ ಹೊತ್ತರು. 2025ರ ಜೂನ್ 10ರಂದು ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಆ ತಂಡ ಭಾರತವನ್ನು 1–0ರಿಂದ ಸೋಲಿಸಿತು.