ಬಿ ಫಾರಂ ಬರುವ ದಾರಿ

ನಾನು ಗುಬ್ಬಿಯಲ್ಲಿ ಪಿಯುಸಿ ಓದುತ್ತಿದ್ದಾಗ, 1987ರ ಜನವರಿಯಲ್ಲಿ, ನಮ್ಮೂರಿಗೆ ಮಂಡಲ ಪಂಚಾಯತಿ ಚುನಾವಣೆ ಬಂತು. ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದ ಕಾಲ. 1983ರ ಕಾಯಿದೆಯಲ್ಲಿ ಹೆಂಗಸರಿಗೆಂದು ನಾಲ್ಕರಲ್ಲಿ ಒಂದು ಸ್ಥಾನ ಮೀಸಲಾಗಿತ್ತು. ಹಾಗೆ ನಮ್ಮೂರಿನ ಪಾಲಿಗೂ ಒಂದು ಹೆಣ್ಣು ಸೀಟು ಬಿತ್ತು.

ಒಂದು ಸಂಜೆ ಅರಳಿಕಟ್ಟೆಯ ಮೇಲೆ ಹತ್ತು ಹನ್ನೆರಡು ಯಜಮಾನರು ಕೂತರು. ಬಿಂದಿಗೆ ಹಿಡಿದು ಬೋರ್‌ವೆಲ್ ಹತ್ತಿರ ನಿಂತಿದ್ದ ನನಗೆ ಕೇಳಿಸಿದ್ದು ಒಂದೇ ಮಾತು: “ಯಾರ ಹೆಂಡ್ತೀನ ನಿಲ್ಸೋಣ?” ಎರಡು ಹೆಸರು ಬಂದವು, ಕತ್ತಲಾಗುವ ಹೊತ್ತಿಗೆ ಒಂದು ಉಳಿಯಿತು. ಎದುರಾಳಿಯೇ ಇಲ್ಲದೆ ಆಕೆ ಗೆದ್ದರು. ತಾನು ನಿಲ್ಲುವ ಸಂಗತಿ ಅವರಿಗೆ ತಿಳಿದದ್ದು ಆ ರಾತ್ರಿ ಗಂಡನಿಗೆ ಮುದ್ದೆ ಬಡಿಸುವಾಗ.

ಊರಿನವರು ಇದನ್ನು ಒಮ್ಮತ ಎಂದರು. ಬಹಳ ವರ್ಷ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆಮೇಲೆ ಮಕ್ಕಳಿಗೆ ಪೌರನೀತಿ ಪಾಠ ಮಾಡುತ್ತಾ, ಅದು ಚುನಾವಣೆಗೆ ಮುಂಚಿನ ಚುನಾವಣೆ, ಅದರಲ್ಲಿ ಓಟು ಇದ್ದದ್ದು ಕಟ್ಟೆಯ ಮೇಲೆ ಕೂತವರಿಗೆ ಮಾತ್ರ ಎಂದು ಹೊಳೆಯಿತು. ಅಮೆರಿಕಾದಲ್ಲೂ ಒಂದು ಕಾಲಕ್ಕೆ ಪಕ್ಷದ ಹುರಿಯಾಳನ್ನು ಮುಖಂಡರೇ ಗೊತ್ತುಮಾಡುತ್ತಿದ್ದರಂತೆ. ಅದಕ್ಕೆ ರೋಸಿ ವಿಸ್ಕಾನ್ಸಿನ್ ರಾಜ್ಯದವರು 1903ರಲ್ಲಿ, ಹುರಿಯಾಳನ್ನೂ ಮತದಾರರೇ ಆರಿಸಬೇಕೆಂದು ಕಾನೂನು ಮಾಡಿಕೊಂಡರು. ನಮ್ಮಲ್ಲಿ ಅಂಥ ಕಾನೂನಿಲ್ಲ.

ಗ್ರಾಮ ಪಂಚಾಯತಿಯಲ್ಲಿ ಪಕ್ಷದ ಚಿಹ್ನೆಗೆ ಅವಕಾಶವಿಲ್ಲ. ಆದರೆ ಗುಬ್ಬಿಯ ಪಟ್ಟಣ ಪಂಚಾಯತಿ, ಕುಣಿಗಲ್ಲಿನ ಪುರಸಭೆ, ತುಮಕೂರಿನ ಮಹಾನಗರ ಪಾಲಿಕೆ, ಮೂರರಲ್ಲೂ ಚಿಹ್ನೆ ಉಂಟು. ಚಿಹ್ನೆ ಬೇಕಾದರೆ ಬಿ ಫಾರಂ ಬೇಕು. ಟಿಕೆಟ್ ಕೊಡುವ ಅಧಿಕಾರ ಯಾರದೆಂದು ಪಕ್ಷ ತಿಳಿಸುವುದು ಎ ಫಾರಂ. ಅವರು ಯಾರಿಗೆ ಕೊಟ್ಟರೆಂಬುದು ಬಿ ಫಾರಂ. ಕುಣಿಗಲ್ಲಿನ ಶಾಲೆಯಲ್ಲಿದ್ದಾಗಿನಿಂದ ಚುನಾವಣೆ ಡ್ಯೂಟಿ ಮಾಡಿ, ಬೆರಳಿಗೆ ಶಾಯಿ ಹಚ್ಚಿ ಹಚ್ಚಿ ನನ್ನ ಬೆರಳೇ ಕಪ್ಪಾಗಿದೆ. ಆದರೆ ಆ ಕಾಗದ ಯಾವ ಮನೆಯ ಯಾವ ಕೋಣೆಯಲ್ಲಿ ಬರೆಯಲ್ಪಡುತ್ತದೆ ಎಂಬುದನ್ನು ಒಂದು ದಿನವೂ ಕಂಡಿಲ್ಲ.

2018ರ ಆಗಸ್ಟ್ 31ರಂದು ತುಮಕೂರು ಪಾಲಿಕೆಯ 35 ವಾರ್ಡುಗಳಿಗೆ ಚುನಾವಣೆ ನಡೆಯಿತು. ಭಾಜಪಕ್ಕೆ 12, ಕಾಂಗ್ರೆಸ್ಸಿಗೆ 10, ಜಾತ್ಯತೀತ ಜನತಾದಳಕ್ಕೆ 10. ಪಕ್ಷದ ಹಂಗಿಲ್ಲದೆ ಗೆದ್ದವರು 3 ಜನ. ಅಂದರೆ 32 ಕಡೆ ನಮ್ಮ ಓಟಿಗೆ ಮುಂಚೆಯೇ ಅರ್ಧ ಆಯ್ಕೆ ಮುಗಿದಿತ್ತು ಎಂದಾಯಿತಲ್ಲವೆ? ಗೆದ್ದ ಮೇಲೂ ಬಿ ಫಾರಂ ಬಿಡುವುದಿಲ್ಲ. ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯಿದೆಯೊಂದಿದೆ, ಅದೂ 1987ರದೇ. ಮೇಯರ್ ಆಯ್ಕೆಯಲ್ಲಿ ವಿಪ್ ಮೀರಿದರೆ ಸದಸ್ಯತ್ವಕ್ಕೇ ಕುತ್ತು.

ಆ ಸಲ ನಮ್ಮ ಬೀದಿಯ ಅಕ್ಕ ಒಬ್ಬರು ಟಿಕೆಟ್ ಕೇಳಿದ್ದರು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಯಾವ ಬೀದಿಗೆ ಯಾವ ವಾರ ಬಂತು, ಎಷ್ಟು ಹೊತ್ತು ಬಂತು ಎಂದು ನೋಟುಪುಸ್ತಕದಲ್ಲಿ ಬರೆದಿಡುವ ಹೆಂಗಸು. ಹತ್ತು ವರ್ಷ ಪಕ್ಷಕ್ಕೆ ದುಡಿದಿದ್ದರು. ಜೊತೆಗಿರಲೆಂದು ಮುಖಂಡರ ಮನೆಗೆ ನನ್ನನ್ನೂ ಕರೆದೊಯ್ದರು. ಹೊರಗಿನ ಜಗಲಿಯಲ್ಲಿ ಎರಡು ಗಂಟೆ ಕೂತೆವು. ಒಳಗಿನಿಂದ ಒಂದು ದನಿ ಕೇಳಿತು: “ವಾರ್ಡು ಲೇಡೀಸ್ ಆಗೋಯ್ತು. ಈಗ ಯಾರ ಹೆಂಡ್ತೀನ ನಿಲ್ಸೋದು?” ಮೂವತ್ತೊಂದು ವರ್ಷದ ಮೇಲೆ ಅದೇ ಮಾತು! ನಾನು ಅಕ್ಕನ ಮುಖ ನೋಡಲಿಲ್ಲ. ಅವರು ಸೆರಗು ಸರಿಮಾಡಿಕೊಂಡು, “ನಡೀರಿ ಮೇಡಂ, ಹಾಲಿನವನು ಬರೋ ಹೊತ್ತು” ಎಂದರು.

ಆದ್ದರಿಂದ, ವಾರ್ಡಿನಲ್ಲಿ ಪಕ್ಷದ ಸದಸ್ಯರೆಲ್ಲ ಒಂದು ಭಾನುವಾರ ಶಾಲೆಯಲ್ಲಿ ಸೇರಿ, ಗುಟ್ಟಾಗಿ ಚೀಟಿ ಹಾಕಿ ಹುರಿಯಾಳನ್ನು ಆರಿಸಲಿ ಎಂಬುದು ನನ್ನ ಆಸೆ. ಸ್ಟಾಫ್ ರೂಮಿನಲ್ಲಿ ಹೇಳಿದರೆ ನಗುತ್ತಾರೆ. ನಮ್ಮ ಗಣಿತದ ಮೇಷ್ಟರಂತೂ 2014 ನೆನಪಿಸುತ್ತಾರೆ. ಆ ವರ್ಷ ಕಾಂಗ್ರೆಸ್ಸು ಲೋಕಸಭೆಯ ಕೆಲವು ಕ್ಷೇತ್ರಗಳಲ್ಲಿ ಇದನ್ನೇ ಮಾಡಿ ನೋಡಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ಮಂಗಳೂರು ಕಡೆ ಜನಾರ್ದನ ಪೂಜಾರಿ ಹಾಗೆ ಆಯ್ಕೆಯಾದರು. ಚುನಾವಣೆಯಲ್ಲಿ ಇಬ್ಬರೂ ಸೋತರು. ಆದರೆ ಅಲ್ಲಿ ಓಟು ಹಾಕಿದವರು ಪಕ್ಷದ ಪದಾಧಿಕಾರಿಗಳು, ಪ್ರತಿನಿಧಿಗಳು. ಕಟ್ಟೆ ಸ್ವಲ್ಪ ದೊಡ್ಡದಾಗಿತ್ತು, ಅಷ್ಟೆ. ದುಡ್ಡಿದ್ದವನು ರಾತ್ರೋರಾತ್ರಿ ಐನೂರು ಸದಸ್ಯರನ್ನು ಮಾಡಿಸುತ್ತಾನೆ ಎಂಬ ಮೇಷ್ಟರ ಇನ್ನೊಂದು ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಂದು ವರ್ಷ ಹಳೆಯ ಸದಸ್ಯರಿಗೆ ಮಾತ್ರ ಓಟು ಎನ್ನಬಹುದು. ಅದಕ್ಕೂ ಅವನು ಒಂದು ವರ್ಷ ಮೊದಲೇ ಶುರುಮಾಡಿಯಾನು. ಮಾಡಲಿ, ಐನೂರು ಮನೆಯ ಬಾಗಿಲನ್ನಾದರೂ ತಟ್ಟಬೇಕಲ್ಲ. ಈಗ ತಟ್ಟಬೇಕಾದದ್ದು ಒಂದೇ ಬಾಗಿಲು.

ಆ ವಾರ್ಡಿನ ಟಿಕೆಟ್ಟು ಕೊನೆಗೆ ಒಬ್ಬರ ಹೆಂಡತಿಗೇ ಹೋಯಿತು. ಪಾಪ, ಒಳ್ಳೆಯ ಹೆಂಗಸು. ಪ್ರಚಾರಕ್ಕೆ ಬಂದಾಗ ಗಂಡನ ಹಿಂದೆ ಕೈಮುಗಿದು ನಿಂತಿದ್ದರು. ಅಕ್ಕ ಅವರಿಗೆ ಕುಂಕುಮ ಕೊಟ್ಟು, ನೋಟುಪುಸ್ತಕ ತೆಗೆದು, ನಮ್ಮ ಬೀದಿಗೆ ಎಷ್ಟು ದಿನದಿಂದ ನೀರಿಲ್ಲವೆಂದು ತೋರಿಸಿದರು. ಆಕೆ ಪುಸ್ತಕ ನೋಡಿದರು, ಗಂಡನ ಕಡೆ ನೋಡಿದರು. “ಇವರಿಗೆ ಹೇಳಿ” ಎಂದರು.