ಕಾಗಜ್ ಕೆ ಫೂಲ್

ಕಾಗಜ್ ಕೆ ಫೂಲ್: 1959ರಲ್ಲಿ ತೆರೆಕಂಡ ಹಿಂದಿ ಚಲನಚಿತ್ರ, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ನಿರ್ಮಾಣ, ನಿರ್ದೇಶನ, ನಾಯಕನ ಪಾತ್ರ ಮೂರೂ ಗುರುದತ್ ಅವರವು. ಚಿತ್ರಕಥೆ ಅಬ್ರಾರ್ ಅಲ್ವಿ, ಸಂಗೀತ ಎಸ್.ಡಿ. ಬರ್ಮನ್, ಛಾಯಾಗ್ರಹಣ ವಿ.ಕೆ. ಮೂರ್ತಿ. ಗುರುದತ್ (1925–64) ಹುಟ್ಟಿದ್ದು ಬೆಂಗಳೂರಿನಲ್ಲಿ. ಮೈಸೂರಿನವರಾದ ಮೂರ್ತಿ (1923–2014) ಕ್ಯಾಮೆರಾ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ.

ಕಥೆ: ಸುರೇಶ್ ಸಿನ್ಹಾ ಹೆಸರಾಂತ ಚಿತ್ರನಿರ್ದೇಶಕ. ಅವನ ಕಸುಬೆಂದರೆ ಮಾವನ ಮನೆಯವರಿಗೆ ತಾತ್ಸಾರ, ಹೆಂಡತಿ ದೂರವಾಗಿದ್ದಾಳೆ. ಮಳೆಯಲ್ಲಿ ಆಕಸ್ಮಿಕವಾಗಿ ಸಿಕ್ಕ ಶಾಂತಿಯನ್ನು (ವಹೀದಾ ರೆಹಮಾನ್) ಅವನು ತನ್ನ ‘ದೇವದಾಸ್’ ಚಿತ್ರದ ಪಾರೋ ಆಗಿಸುತ್ತಾನೆ, ಆಕೆ ತಾರೆಯಾಗುತ್ತಾಳೆ. ಇಬ್ಬರ ಬಗ್ಗೆ ಹಬ್ಬಿದ ಗಾಳಿಮಾತಿನಿಂದ ನೊಂದ ಅವನ ಮಗಳು ಬೇಡಿಕೊಂಡಾಗ ಶಾಂತಿ ಚಿತ್ರರಂಗ ಬಿಟ್ಟು ಹಳ್ಳಿಯಲ್ಲಿ ಪಾಠ ಹೇಳಲು ಹೋಗುತ್ತಾಳೆ. ಮಗಳೂ ನ್ಯಾಯಾಲಯದಲ್ಲಿ ಕೈತಪ್ಪಿದ ಮೇಲೆ ಸುರೇಶ್ ಕುಡಿತಕ್ಕೆ ಬೀಳುತ್ತಾನೆ. ಚಿತ್ರಗಳು ಸೋಲುತ್ತವೆ, ಕೊನೆಗೆ ಎಕ್ಸ್‌ಟ್ರಾ ನಟನ ಕೆಲಸಕ್ಕೂ ಇಳಿಯುತ್ತಾನೆ. ಬರಿದಾದ ಸ್ಟುಡಿಯೋದಲ್ಲಿ, ನಿರ್ದೇಶಕನ ಕುರ್ಚಿಯಲ್ಲೇ ಅವನ ಪ್ರಾಣ ಹೋಗುತ್ತದೆ.

ಛಾಯಾಗ್ರಹಣ: ಸಿನಿಮಾಸ್ಕೋಪ್‌ನ ಅಗಲ ಪರದೆಯನ್ನು ಮೂರ್ತಿ ವೈಭವ ತೋರಿಸಲು ಬಳಸಲಿಲ್ಲ, ಪಾತ್ರಗಳ ನಡುವಿನ ಖಾಲಿ ಜಾಗವನ್ನೇ ತೋರಿಸಿದರು. ಗೀತಾ ದತ್ ಹಾಡಿದ ಗೀತೆಯೊಂದರಲ್ಲಿ ಸುರೇಶ್ ಮತ್ತು ಶಾಂತಿಯ ನಡುವೆ ಇಳಿದುಬರುವ ಬಿಸಿಲು ಕೋಲು ಹೆಸರುವಾಸಿ. ಅದಕ್ಕಾಗಿ ಸ್ಟುಡಿಯೋದ ಹೊರಗೊಂದು ದೊಡ್ಡ ಕನ್ನಡಿಯಿಟ್ಟು ಬಿಸಿಲನ್ನು ಒಳಗೆ ಹಾಯಿಸಿ, ಒಳಗೆ ಎತ್ತರದಲ್ಲಿದ್ದ ಇನ್ನೊಂದು ಕನ್ನಡಿಯಿಂದ ಕೆಳಕ್ಕೆ ತಿರುಗಿಸಲಾಯಿತು. ಈ ಚಿತ್ರಕ್ಕಾಗಿ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ಸೋಲು ಮತ್ತು ಮರುಮೌಲ್ಯಮಾಪನ: ಗುರುದತ್ತರ ‘ಪ್ಯಾಸಾ’ (1957) ಗೆದ್ದ ಎರಡೇ ವರ್ಷಕ್ಕೆ ಬಂದ ಈ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ನೆಲಕಚ್ಚಿತು. ಆಮೇಲೆ ಗುರುದತ್ ಯಾವ ಚಿತ್ರಕ್ಕೂ ನಿರ್ದೇಶಕರಾಗಿ ಹೆಸರು ಹಾಕಿಕೊಳ್ಳಲಿಲ್ಲ; 39ನೇ ವಯಸ್ಸಿನಲ್ಲಿ ತೀರಿಕೊಂಡರು. ಹೀಗಾಗಿ ಸುರೇಶನ ಕಥೆಯನ್ನು ಗುರುದತ್ತರ ಆತ್ಮಕಥೆಯೆಂದೇ ಓದುವ ರೂಢಿ ಬೆಳೆಯಿತು. ಆದರೆ ಚಿತ್ರ ಮುಗಿದದ್ದು ಸೋಲಿಗೂ ಮುಂಚೆ. ಗೆದ್ದ ನಿರ್ದೇಶಕನೊಬ್ಬ ಕೀರ್ತಿಯ ಮೇಲೆ ನಂಬಿಕೆಯಿಡದೆ ಮಾಡಿದ ಚಿತ್ರವಿದು. ದಶಕಗಳ ನಂತರ ದೇಶವಿದೇಶಗಳ ಚಿತ್ರೋತ್ಸವಗಳಲ್ಲಿ ಇದಕ್ಕೆ ಮನ್ನಣೆ ದೊರೆಯಿತು.

ಬೆಂಗಳೂರಿನ ನಂಟು: ಬಸವನಗುಡಿ, ಚಾಮರಾಜಪೇಟೆಗಳಿಗೆ ಹೊಂದಿಕೊಂಡ ಶಂಕರಪುರದಲ್ಲಿ ಮೂರ್ತಿ ತಮ್ಮ ಕೊನೆಯ ವರ್ಷಗಳನ್ನು ಕಳೆದರು. ಕನ್ನಡದಲ್ಲಿ ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಹೂವು ಹಣ್ಣು’ (1993) ಚಿತ್ರಕ್ಕೆ ಛಾಯಾಗ್ರಹಣ ಮಾಡಿದರು. ಉಮಾ ರಾವ್ ಬರೆದ ಅವರ ಜೀವನಕಥನದ ಹೆಸರು ‘ಬಿಸಿಲು ಕೋಲು’. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರು.