ಕುಲಗಳು ಚದುರಿದರೂ ಅಳಿಯದ ‘ಹನ್ನೆರಡು’

ತಂದೆ ತೀರಿಕೊಂಡಿದ್ದಾನೆ. ಗಂಡುಮಕ್ಕಳಿಲ್ಲ, ಇರುವವರು ಐವರು ಹೆಣ್ಣುಮಕ್ಕಳು. ಆತನ ಪಾಲಿಗೆ ಬರಬೇಕಾದ ಭೂಮಿ ಯಾರಿಗೆ ಸೇರಬೇಕು? ಆತನ ಹೆಸರು ಉಳಿಯುವುದು ಹೇಗೆ? ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಸೋದರಿಯರು ಮೋಶೆಯ ಮುಂದೆ, ಯಾಜಕನ ಮುಂದೆ, ನೆರೆದ ಜನರೆಲ್ಲರ ಮುಂದೆ ನಿಂತು ಈ ಪ್ರಶ್ನೆ ಎತ್ತಿದರೆಂದು ಬೈಬಲ್‌ನ ಹಳೆಯ ಒಡಂಬಡಿಕೆಯ ಅರಣ್ಯಕಾಂಡ ಹೇಳುತ್ತದೆ. ಗಂಡುಮಕ್ಕಳಿಲ್ಲದಿದ್ದರೆ ಆಸ್ತಿ ಹೆಣ್ಣುಮಕ್ಕಳಿಗೆ ಸಲ್ಲಬೇಕು ಎಂಬ ತೀರ್ಪು ಬಂತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇವರು ಮನಸ್ಸೆ ಎಂಬ ಕುಲಕ್ಕೆ ಸೇರಿದವರು. ನಾಳೆ ಇವರು ಬೇರೆ ಕುಲದವರನ್ನು ಮದುವೆಯಾದರೆ ಭೂಮಿಯೂ ಅವರ ಹಿಂದೆಯೇ ಹೋಗುತ್ತದಲ್ಲ ಎಂದು ಅದೇ ಕುಲದ ಹಿರಿಯರು ತಕರಾರು ತೆಗೆದರು. ಹೆಣ್ಣುಮಕ್ಕಳಿಗೆ ಭೂಮಿಯೂ ಸಿಗಬೇಕು, ಅದು ಕುಲ ಬಿಟ್ಟು ಹೋಗಲೂಬಾರದು. ಕೊನೆಗೆ ಐವರೂ ತಮ್ಮ ಕುಲದವರನ್ನೇ, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನೇ ಮದುವೆಯಾದರು.

ಪ್ರಾಚೀನ ಇಸ್ರಾಯೇಲ್ಯರ ಬದುಕಿನಲ್ಲಿ ಕುಲದ ಸ್ಥಾನ ಏನಾಗಿತ್ತು ಎಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ. ಅವರಿಗೆ ಕುಲವೆಂದರೆ ಬರೀ ವಂಶದ ಹೆಸರಲ್ಲ. ಉಳುವ ನೆಲ, ನ್ಯಾಯ, ಯುದ್ಧಕಾಲದ ನೆರವು, ದೇವರೊಡನೆ ಮಾಡಿಕೊಂಡ ಒಡಂಬಡಿಕೆಯಲ್ಲಿನ ಪಾಲು ಎಲ್ಲವೂ ಕುಲದ ಮೂಲಕವೇ ದೊರೆಯುತ್ತಿದ್ದವು.

ಕೋಲು, ಗೋತ್ರ, ಮನೆ

ಹೀಬ್ರೂ ಭಾಷೆಯಲ್ಲಿ ಕುಲವನ್ನು ಸೂಚಿಸುವ ‘ಶೇವೆಟ್’, ‘ಮತ್ತೆ’ ಎಂಬ ಎರಡು ಪದಗಳಿಗೂ ಕೋಲು, ದಂಡ ಎಂಬ ಅರ್ಥವಿದೆ. ಹಿರಿಯನ ಕೈಯ ಕೋಲೇ ಅವನ ಹಿಂದೆ ನಡೆಯುವ ಜನಕ್ಕೆ ಹೆಸರಾಯಿತು. ಕುಲದೊಳಗೆ ಗೋತ್ರಗಳು, ಗೋತ್ರದೊಳಗೆ ‘ತಂದೆಯ ಮನೆ’ ಎನ್ನುವ ಅವಿಭಕ್ತ ಕುಟುಂಬಗಳು. ದಿನನಿತ್ಯದ ಬೇಸಾಯ, ಕುರಿ ಮೇಯಿಸುವುದು ಕುಟುಂಬದ ಮಟ್ಟದಲ್ಲಿ ನಡೆಯುತ್ತಿತ್ತು. ಸಾಲಕ್ಕೆ ಸಿಕ್ಕಿ ಮಾರಿಹೋದ ಹೊಲವನ್ನು ಬಿಡಿಸಿಕೊಡುವ ಹೊಣೆ ಹತ್ತಿರದ ಬಂಧುವಿನದು. ಭೂಮಿ ನಿಜಕ್ಕೂ ದೇವರದು, ಜನರು ಅದರ ಒಕ್ಕಲುಗಳು ಮಾತ್ರ ಎಂಬ ನಂಬಿಕೆ ಇದ್ದುದರಿಂದ ಅದನ್ನು ಶಾಶ್ವತವಾಗಿ ಮಾರುವಂತಿರಲಿಲ್ಲ. 50 ವರ್ಷಕ್ಕೊಮ್ಮೆ ಅದು ಮೂಲ ಕುಟುಂಬಕ್ಕೆ ಮರಳಬೇಕೆಂದು ಯಾಜಕಕಾಂಡ ವಿಧಿಸುತ್ತದೆ.

ಇವು ಕೇವಲ ಗ್ರಂಥದ ಮಾತುಗಳೇ? 1910ರಲ್ಲಿ ಸಮಾರ್ಯದಲ್ಲಿ ಉತ್ಖನನ ನಡೆಸಿದ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡಕ್ಕೆ ಶಾಯಿಯಲ್ಲಿ ಬರೆದ ಮಡಕೆ ಚೂರುಗಳು ದೊರೆತವು. ಕ್ರಿ.ಪೂ. 8ನೆಯ ಶತಮಾನದ ಈ ಚೂರುಗಳ ಮೇಲಿರುವುದು ಅರಮನೆಗೆ ಬಂದ ದ್ರಾಕ್ಷಾರಸ ಮತ್ತು ಎಣ್ಣೆಯ ಲೆಕ್ಕ. ಸರಕು ಬಂದ ಪ್ರದೇಶಗಳ ಹೆಸರುಗಳಲ್ಲಿ ಮನಸ್ಸೆ ಕುಲದ ಗೋತ್ರನಾಮಗಳಿವೆ. ಅವುಗಳಲ್ಲಿ ಎರಡು ನೋವಾ ಮತ್ತು ಹೊಗ್ಲಾ! ಭೂಮಿ ಕೇಳಿದ ಹೆಣ್ಣುಮಕ್ಕಳ ಹೆಸರುಗಳು ಭೂಮಿಯ ಹೆಸರುಗಳಾಗಿಯೇ ಉಳಿದಿದ್ದವು.

ಬದಲಾಗುವ ಪಟ್ಟಿ

ಸಂಪ್ರದಾಯದ ಪ್ರಕಾರ ಹನ್ನೆರಡು ಕುಲಗಳೂ ಯಾಕೋಬನ ಹನ್ನೆರಡು ಗಂಡುಮಕ್ಕಳಿಂದ ಹುಟ್ಟಿದವು. ‘ಇಸ್ರಾಯೇಲ್’ ಎಂಬುದು ಯಾಕೋಬನಿಗೇ ಬಂದ ಇನ್ನೊಂದು ಹೆಸರು. ಆದರೆ ಬೈಬಲ್‌ನ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅವು ಒಂದೇ ಆಗಿಲ್ಲ. ಒಂದು ಕಡೆ ಲೇವಿ ಮತ್ತು ಯೋಸೇಫ ಇದ್ದಾರೆ. ಇನ್ನೊಂದು ಕಡೆ ಲೇವಿಯನ್ನು ಬಿಟ್ಟು, ಯೋಸೇಫನ ಬದಲು ಅವನ ಮಕ್ಕಳಾದ ಎಫ್ರಾಯೀಮ್ ಮತ್ತು ಮನಸ್ಸೆಯರನ್ನು ಎಣಿಸಲಾಗಿದೆ. ಸಿಮೆಯೋನ್ ಕುಲದ ಊರುಗಳು ಯೆಹೂದ ಕುಲದ ಗಡಿಯೊಳಗೇ ಇದ್ದವು. ಮೋಶೆಯ ಕೊನೆಯ ಆಶೀರ್ವಾದದಲ್ಲಿ ಆ ಕುಲದ ಹೆಸರೇ ಇಲ್ಲ. ಹೆಸರುಗಳು ಬದಲಾದರೂ ಹನ್ನೆರಡು ಎಂಬ ಸಂಖ್ಯೆಯನ್ನು ಮಾತ್ರ ಬಿಡಲಿಲ್ಲ.

ಬೈಬಲ್‌ನ ಅತಿ ಹಳೆಯ ಭಾಗಗಳಲ್ಲಿ ಒಂದೆಂದು ಅನೇಕ ವಿದ್ವಾಂಸರು ಒಪ್ಪುವ ದೆಬೋರಳ ಗೀತೆಯ ಸಾಕ್ಷ್ಯ ಇಲ್ಲಿ ಮುಖ್ಯವಾದುದು. ಕಾನಾನ್ಯರ ಸೇನಾಪತಿ ಸೀಸೆರನ ವಿರುದ್ಧ ಪ್ರವಾದಿನಿ ದೆಬೋರ ಕುಲಗಳಿಗೆ ಕರೆ ಕೊಟ್ಟಾಗ ಆರು ಗುಂಪುಗಳು ಬಂದವು. ರೂಬೇನ್, ಗಿಲ್ಯಾದ್, ದಾನ್, ಆಶೇರ್ ಜನರು ಬರಲಿಲ್ಲ. ಗೀತೆ ಅವರನ್ನು ಚುಚ್ಚಿ ಮಾತನಾಡುತ್ತದೆ. ಆದರೆ ದಕ್ಷಿಣದ ದೊಡ್ಡ ಕುಲವಾದ ಯೆಹೂದದ ಪ್ರಸ್ತಾಪವೇ ಅದರಲ್ಲಿಲ್ಲ. ಅಂದರೆ ಹನ್ನೆರಡರ ಪಟ್ಟಿ ಆಗಿನ್ನೂ ಪೂರ್ಣಗೊಂಡಿರಲಿಲ್ಲ ಎಂದು ಊಹಿಸಲು ಅವಕಾಶವಿದೆ.

ಈಜಿಪ್ಟಿನ ಫೇರೋ ಮೆರ್ನೆಪ್ತಾನ ವಿಜಯಶಾಸನವೂ ಇದೇ ದಿಕ್ಕಿನತ್ತ ಬೆರಳು ತೋರಿಸುತ್ತದೆ. ಕ್ರಿ.ಪೂ. 1208ರ ಸುಮಾರಿನ ಈ ಶಿಲೆಯನ್ನು ಫ್ಲಿಂಡರ್ಸ್ ಪೆಟ್ರಿ ಥೀಬ್ಸ್‌ನಲ್ಲಿ 1896ರಲ್ಲಿ ಪತ್ತೆ ಮಾಡಿದರು. ಅದರಲ್ಲಿ ಅಕ್ಕಪಕ್ಕದ ಪಟ್ಟಣಗಳ ಹೆಸರಿನ ಜೊತೆ ‘ನಾಡು’ ಎಂಬ ಸಂಕೇತವಿದ್ದರೆ, ಇಸ್ರಾಯೇಲ್ ಎಂಬ ಹೆಸರಿನ ಜೊತೆ ‘ಜನ’ ಎಂಬ ಸಂಕೇತವಿದೆ. ಆ ಕಾಲಕ್ಕೆ ಇಸ್ರಾಯೇಲ್ ಒಂದು ರಾಜ್ಯವಾಗಿರಲಿಲ್ಲ. ಗುಡ್ಡಗಾಡಿನ ಹಳ್ಳಿಗಳಲ್ಲಿ ನೆಲೆಸತೊಡಗಿದ್ದ, ಬೇರೆ ಬೇರೆ ಮೂಲದ ಜನ ಒಂದೇ ದೇವರ ಹೆಸರಿನಲ್ಲಿ ಕೂಡಿಕೊಂಡು ಬಂಧುಗಳಾದರು ಎಂಬುದು ಇಂದು ಹಲವು ಇತಿಹಾಸಕಾರರ ಅಭಿಪ್ರಾಯ. ರಕ್ತಸಂಬಂಧದಿಂದ ಒಡಂಬಡಿಕೆ ಹುಟ್ಟಿತು ಎನ್ನುವುದಕ್ಕಿಂತ, ಒಡಂಬಡಿಕೆಯೇ ರಕ್ತಸಂಬಂಧದ ಭಾಷೆಯನ್ನು ತೊಟ್ಟಿತು ಎಂಬುದು ಹೆಚ್ಚು ಸರಿ.

ನೆಲವಿಲ್ಲದ ಕುಲ

ಹನ್ನೆರಡು ಎಂಬುದು ಆರಾಧನೆಯಲ್ಲೂ ಅಚ್ಚೊತ್ತಿತ್ತು. ಮಹಾಯಾಜಕನ ಎದೆಪದಕದಲ್ಲಿ ಹನ್ನೆರಡು ರತ್ನಗಳು, ಒಂದೊಂದರ ಮೇಲೂ ಒಂದೊಂದು ಕುಲದ ಹೆಸರು. ಮರುಭೂಮಿಯ ಪಾಳೆಯದಲ್ಲಿ ದೇವದರ್ಶನದ ಗುಡಾರದ ನಾಲ್ಕು ದಿಕ್ಕಿಗೂ ಮೂರು ಮೂರು ಕುಲಗಳ ಬಿಡಾರ. ಗುಡಾರಕ್ಕೂ ಜನರಿಗೂ ನಡುವೆ ಇದ್ದವರು ಲೇವಿಯರು. ದೇವರ ಸೇವೆಯೇ ಅವರ ಪಾಲು. ಹಾಗಾಗಿ ಅವರಿಗೆ ಪ್ರತ್ಯೇಕ ನಾಡಿಲ್ಲ. ಉಳಿದ ಕುಲಗಳ ನಡುವೆ ಹಂಚಿಹೋದ 48 ಊರುಗಳು ಮತ್ತು ಜನರು ಕೊಡುವ ದಶಮಾಂಶವೇ ಅವರಿಗೆ ಆಧಾರ.

ಕುಲಾಭಿಮಾನಕ್ಕೆ ಕರಾಳ ಮುಖವೂ ಇತ್ತು. ಗಿಲ್ಯಾದಿನವರಿಗೂ ಎಫ್ರಾಯೀಮ್ಯರಿಗೂ ಯುದ್ಧವಾದಾಗ ಯೊರ್ದನ್ ಹೊಳೆ ದಾಟಲು ಬಂದವರಿಂದ ‘ಶಿಬ್ಬೋಲೆತ್’ ಎಂಬ ಪದ ಹೇಳಿಸುತ್ತಿದ್ದರು. ‘ಸಿಬ್ಬೋಲೆತ್’ ಎಂದವನು ಎಫ್ರಾಯೀಮ್ಯನೆಂದು ತಿಳಿದು ಅಲ್ಲೇ ಕೊಲ್ಲುತ್ತಿದ್ದರು. ಒಂದು ಅಕ್ಷರದ ಉಚ್ಚಾರಣೆಯ ಮೇಲೆ ಜೀವ ನಿಂತಿತ್ತು.

ಅರಸರು ಬಂದ ಮೇಲೆ

ದಾವೀದನನ್ನು ಮೊದಲು ಅರಸನನ್ನಾಗಿ ಒಪ್ಪಿದ್ದು ಅವನ ಸ್ವಂತ ಕುಲವಾದ ಯೆಹೂದ. ಉಳಿದ ಕುಲಗಳ ಹಿರಿಯರು ಬಂದು ಒಪ್ಪಿದ್ದು ಏಳು ವರ್ಷಗಳ ನಂತರ. ಅವನ ಮಗ ಸೊಲೊಮೋನ ಅರಮನೆಯ ಖರ್ಚಿಗಾಗಿ ನಾಡನ್ನು ಹನ್ನೆರಡು ವಿಭಾಗ ಮಾಡಿದ. ಒಂದೊಂದು ವಿಭಾಗ ವರ್ಷದಲ್ಲಿ ಒಂದು ತಿಂಗಳ ಆಹಾರ ಪೂರೈಸಬೇಕಿತ್ತು. ಸಂಖ್ಯೆ ಅದೇ, ಆದರೆ ಗಡಿಗಳು ಎಲ್ಲೆಡೆ ಕುಲಗಳ ಗಡಿಗಳಾಗಿರಲಿಲ್ಲ. ಬಿಟ್ಟಿದುಡಿಮೆಯ ಭಾರಕ್ಕೆ ಬೇಸತ್ತ ಉತ್ತರದ ಕುಲಗಳು ಕ್ರಿ.ಪೂ. 930ರ ಸುಮಾರಿಗೆ ಬೇರೆಯಾದವು. ಪಿತ್ರಾರ್ಜಿತ ದ್ರಾಕ್ಷಿತೋಟವನ್ನು ಅರಸ ಅಹಾಬನಿಗೆ ಮಾರಲು ಒಪ್ಪದ ನಾಬೋತ ಸುಳ್ಳು ಆರೋಪ ಹೊತ್ತು ಕಲ್ಲೇಟಿಗೆ ಬಲಿಯಾದ ಕಥೆ, ಕುಲದ ಹಕ್ಕು ಮತ್ತು ಅರಸನ ಆಸೆ ಮುಖಾಮುಖಿಯಾದ ಬಗೆಯನ್ನು ತೋರಿಸುತ್ತದೆ. ಅದೇ ಅಹಾಬನ ಕಾಲದಲ್ಲಿ ಪ್ರವಾದಿ ಎಲೀಯ ಬಲಿಪೀಠ ಕಟ್ಟಿದ್ದು ಹನ್ನೆರಡು ಕಲ್ಲುಗಳಿಂದ. ನಾಡು ಆಗ ಎರಡಾಗಿ ಹೋಗಿತ್ತು ಎಂಬುದು ಗಮನಾರ್ಹ.

ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರರು ಸಮಾರ್ಯವನ್ನು ಗೆದ್ದರು. 27 ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೆರೆಯೊಯ್ದುದಾಗಿ ಎರಡನೆಯ ಸರ್ಗೋನನ ಶಾಸನ ಹೇಳಿಕೊಳ್ಳುತ್ತದೆ. ‘ಕಳೆದುಹೋದ ಹತ್ತು ಕುಲಗಳು’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಉಳಿದದ್ದು ಮುಖ್ಯವಾಗಿ ಯೆಹೂದ. ‘ಯೆಹೂದಿ’ ಎಂಬ ಹೆಸರೇ ಅದರಿಂದ ಬಂದದ್ದು. ಆದರೂ ಚದುರಿದ ಕುಲಗಳು ಮತ್ತೆ ಕೂಡುತ್ತವೆ ಎಂಬ ನಿರೀಕ್ಷೆ ಧರ್ಮದ ಭಾಗವಾಯಿತು. ಯೇಸು ಹನ್ನೆರಡು ಮಂದಿ ಶಿಷ್ಯರನ್ನು ಆರಿಸಿಕೊಂಡಾಗ ಆ ಸಂಖ್ಯೆಯ ಅರ್ಥ ಅಂದಿನ ಜನಕ್ಕೆ ಬಿಡಿಸಿ ಹೇಳಬೇಕಿರಲಿಲ್ಲ.

ಆ ನಿರೀಕ್ಷೆ ಭಾರತವನ್ನೂ ತಲುಪಿದೆ. ಮಣಿಪುರ, ಮಿಜೋರಾಂಗಳ ‘ಬ್ನೇ ಮೆನಾಶೆ’ ಸಮುದಾಯದವರು ತಾವು ಮನಸ್ಸೆ ಕುಲದವರೆಂದು ನಂಬುತ್ತಾರೆ. ಇದಕ್ಕೆ ಇತಿಹಾಸದ ಗಟ್ಟಿ ಪುರಾವೆ ಇಲ್ಲ. ಆದರೂ 2005ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿಗಳಲ್ಲೊಬ್ಬರಾದ ಶ್ಲೋಮೋ ಅಮಾರ್ ಅವರನ್ನು ಇಸ್ರಾಯೇಲ್ಯರ ಸಂತತಿಯೆಂದು ಮನ್ನಿಸಿದರು. ಅವರಲ್ಲಿ ಸಾವಿರಾರು ಮಂದಿ ಅಲ್ಲಿಗೆ ಹೋಗಿ ನೆಲೆಸಿದ್ದಾರೆ. ಭೂಮಿಗಾಗಿ ಐವರು ಸೋದರಿಯರು ವಾದಿಸಿದ್ದು ಇದೇ ಮನಸ್ಸೆ ಕುಲದ ಹೆಸರಿನಲ್ಲಿ.